ಹಾವಿನ ವಿಷದಿಂದ ರಕ್ತಪರೀಕ್ಷೆಯವರೆಗೆ: ಮಯಸ್ತೇನಿಯಾದ ಪ್ರತಿಕಾಯವನ್ನು ಪತ್ತೆಹಚ್ಚಿದ ಬಗೆ

ಮಯಸ್ತೇನಿಯಾ ಗ್ರಾವಿಸ್ ಎಂಬ ಕಾಯಿಲೆಯಲ್ಲಿ ಸ್ನಾಯುಗಳು ದುಡಿದಷ್ಟೂ ಸೋಲುತ್ತವೆ; ಬೆಳಿಗ್ಗೆ ಸರಿಯಾಗಿದ್ದ ಕಣ್ಣರೆಪ್ಪೆ ಸಂಜೆಗೆ ಜೋತುಬೀಳುತ್ತದೆ, ಊಟದ ನಡುವೆಯೇ ದವಡೆ ದಣಿಯುತ್ತದೆ, ವಿಶ್ರಾಂತಿ ಸಿಕ್ಕರೆ ಬಲ ಮರಳುತ್ತದೆ. ಮಾತನಾಡುತ್ತ ಹೋದಂತೆ ದನಿ ಉಡುಗಿಹೋಗುತ್ತಿದ್ದ ಮಹಿಳೆಯೊಬ್ಬಳ ವಿವರವನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿಯೇ ದಾಖಲಿಸಿದ್ದರೂ, ಇದರ ಗುರುತು ಮುಂದಿನ ಮುನ್ನೂರು ವರ್ಷಗಳ ಕಾಲ ಬಹುಮಟ್ಟಿಗೆ ವೈದ್ಯರ ಕಣ್ಣಳತೆಯನ್ನೇ ಅವಲಂಬಿಸಿತ್ತು. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಆಸ್ಪತ್ರೆಯೊಂದರಲ್ಲಿದ್ದ ಮೇರಿ ವಾಕರ್, ಈ ರೋಗಲಕ್ಷಣಗಳು ಬಾಣದ ತುದಿಗೆ ಸವರುವ ಕ್ಯುರಾರೆ ವಿಷದ ಪರಿಣಾಮವನ್ನು ಹೋಲುತ್ತವೆ ಎಂಬುದನ್ನು ಗಮನಿಸಿ, ಆ ವಿಷಕ್ಕೆ ಮದ್ದಾದ ಫೈಸೋಸ್ಟಿಗ್ಮಿನ್ನನ್ನು ರೋಗಿಗೆ ಚುಚ್ಚಿದಾಗ ದೌರ್ಬಲ್ಯ ಕೆಲಕಾಲ ಮಾಯವಾಯಿತು. ದೋಷವಿರುವುದು ನರ ಮತ್ತು ಸ್ನಾಯು ಕೂಡುವ ಸಂಧಿಯಲ್ಲಿ ಎಂಬುದಕ್ಕೆ ಇದು ಬಲವಾದ ಸೂಚನೆಯಾದರೂ, ಅಲ್ಲಿ ಕೆಟ್ಟಿರುವುದೇನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆಗೆ ಸ್ಕಾಟ್ಲೆಂಡಿನ ನರವೈದ್ಯ ಜಾನ್ ಸಿಂಪ್ಸನ್ 1960ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು. ರೋಗಿಗಳ ಎದೆಯೊಳಗಿನ ಥೈಮಸ್ ಗ್ರಂಥಿ ಅನೇಕ ವೇಳೆ ವಿಕಾರಗೊಂಡಿರುವುದು, ಥೈರಾಯ್ಡ್‌ನಂಥ ಇತರ ಕಾಯಿಲೆಗಳು ಅವರಲ್ಲಿ ಜೊತೆಗೂಡಿ ಬರುವುದು, ರೋಗವಿರುವ ತಾಯಿಗೆ ಹುಟ್ಟಿದ ಕೂಸು ಕೆಲವು ವಾರ ನಿಶ್ಶಕ್ತವಾಗಿದ್ದು ತಾನಾಗಿಯೇ ಚೇತರಿಸಿಕೊಳ್ಳುವುದು, ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದ ಅವರು, ಸೋಂಕನ್ನು ತಡೆಯಲೆಂದು ದೇಹ ತಯಾರಿಸುವ ಪ್ರತಿಕಾಯವೆಂಬ ಪ್ರೋಟೀನು ಇಲ್ಲಿ ದಾರಿತಪ್ಪಿ ಸ್ವಂತ ಸ್ನಾಯುಸಂಧಿಯ ಮೇಲೆಯೇ ಎರಗುತ್ತಿರಬೇಕು ಎಂದು ವಾದಿಸಿದರು. ಸ್ವಪ್ರತಿಕಾಯ ಎಂಬುದು ಇಂಥ ಪ್ರತಿಕಾಯಕ್ಕಿರುವ ಹೆಸರು. ಅದೇ ವರ್ಷ ಅಮೆರಿಕದ ಸಂಶೋಧಕರಿಗೆ ರೋಗಿಗಳ ಸೀರಮ್ಮಿನಲ್ಲಿ ಸ್ನಾಯುವಿಗೆ ಅಂಟುವ ಪ್ರತಿಕಾಯವೊಂದು ಸಿಕ್ಕಿತಾದರೂ, ಅದು ಅಂಟುತ್ತಿದ್ದುದು ಸ್ನಾಯುತಂತುವಿನ ಒಳಗಿನ ಪಟ್ಟೆಗಳಿಗೇ ಹೊರತು ಸಂಧಿಗಲ್ಲ; ಮೊದಲು ಕೈಗೆ ಸಿಕ್ಕಿದ್ದು ದೌರ್ಬಲ್ಯವನ್ನು ಉಂಟುಮಾಡುವ ಪ್ರತಿಕಾಯವಾಗಿರಲಿಲ್ಲ.

ಸಿಂಪ್ಸನ್ನರ ಊಹೆ ಹದಿಮೂರು ವರ್ಷ ಸಾಬೀತಾಗದೆ ಉಳಿದುದಕ್ಕೆ ಅವರ ತರ್ಕದ ಕೊರತೆ ಕಾರಣವಲ್ಲ, ಉಪಕರಣದ ಕೊರತೆ ಕಾರಣ. ನರದ ತುದಿ ಸ್ರವಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸ್ನಾಯುವಿನ ಮೇಲಿನ ಗ್ರಾಹಕವೆಂಬ ಪ್ರೋಟೀನು ಹಿಡಿದುಕೊಂಡಾಗ ಸ್ನಾಯು ಸಂಕುಚಿಸುತ್ತದೆ. ಆದರೆ ಈ ಗ್ರಾಹಕವನ್ನು ಬೇರ್ಪಡಿಸುವ ಅಥವಾ ಎಣಿಸುವ ದಾರಿ ಆಗ ಯಾರಲ್ಲೂ ಇರಲಿಲ್ಲ. ದಾರಿ ತೆರೆದದ್ದು ಈ ರೋಗದ ಗೊಡವೆಯೇ ಇಲ್ಲದವರಿಂದ. ಕರ್ನಾಟಕದ ಹೊಲಗಳಲ್ಲಿ ಕಾಣಸಿಗುವ ಕಟ್ಟುಹಾವಿನ ಹತ್ತಿರದ ಬಂಧುವಾದ ತೈವಾನಿನ ಹಾವೊಂದರ ವಿಷವನ್ನು ಅಭ್ಯಸಿಸುತ್ತಿದ್ದ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು 1963ರಲ್ಲಿ ಅದರಿಂದ ಆಲ್ಫಾ-ಬಂಗಾರೊಟಾಕ್ಸಿನ್ ಎಂಬ ಘಟಕವನ್ನು ಪ್ರತ್ಯೇಕಿಸಿದರು. ಅದು ಸ್ನಾಯುಸಂಧಿಯ ಗ್ರಾಹಕವನ್ನು ಕಚ್ಚಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಇನ್ನೊಂದು ಕಡೆ, ದಕ್ಷಿಣ ಅಮೆರಿಕದ ನದಿಗಳಲ್ಲಿರುವ ವಿದ್ಯುತ್ ಮೀನಿನ ಅಂಗವು ಮಾರ್ಪಾಡಾದ ಸ್ನಾಯುಕೋಶಗಳಿಂದಲೇ ಆದುದರಿಂದ ಅದರಲ್ಲಿ ಇದೇ ಗ್ರಾಹಕ ಹೇರಳವಾಗಿತ್ತು.

ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಮ್ ಆ ಮೀನಿನಿಂದ ತೆಗೆದ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದ್ದು ಗ್ರಾಹಕದ ರಚನೆಯನ್ನು ಅರಿಯಲು ಬೇಕಾದ ಪ್ರತಿಕಾಯಗಳನ್ನು ಪಡೆಯುವುದಕ್ಕಾಗಿ. ಮೊಲಗಳು ಪ್ರತಿಕಾಯವನ್ನೇನೋ ಕೊಟ್ಟವು, ಆದರೆ ಕತ್ತು ಎತ್ತಲಾರದೆ ಕುಸಿದವು. ಮಯಸ್ತೇನಿಯಾ ರೋಗಿಗಳಿಗೆ ಕೊಡುವ ಬಗೆಯ ಔಷಧ ಕೊಟ್ಟಾಗ ಕೆಲಹೊತ್ತು ಚೇತರಿಸಿಕೊಂಡವು. 1973ರಲ್ಲಿ ಪ್ರಕಟವಾದ ಈ ಫಲಿತಾಂಶದ ಬೆನ್ನಲ್ಲೇ ಡೇನಿಯಲ್ ಡ್ರಾಕ್‌ಮನ್ ಮತ್ತು ಸಂಗಡಿಗರು ಹಾವಿನ ವಿಷವನ್ನೇ ಅಳತೆಗೋಲಾಗಿ ಬಳಸಿ, ರೋಗಿಗಳ ಸ್ನಾಯುಸಂಧಿಯಲ್ಲಿ ಗ್ರಾಹಕಗಳ ಸಂಖ್ಯೆ ಬಹಳ ಕುಗ್ಗಿದೆಯೆಂದು ತೋರಿಸಿದರು.

ಇದರಿಂದ ರೂಪುಗೊಂಡ ಪರೀಕ್ಷೆ ಸರಳವೂ ಜಾಣತನದ್ದೂ ಆಗಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ಕಾಲುಗಳ ಸ್ನಾಯುವಿನಿಂದ ಮಾನವ ಗ್ರಾಹಕವನ್ನು ತೆಗೆದು, ವಿಕಿರಣಶೀಲ ಅಯೋಡಿನ್ ಜೋಡಿಸಿದ ಹಾವಿನ ವಿಷವನ್ನು ಅದಕ್ಕೆ ಅಂಟಿಸಲಾಗುತ್ತಿತ್ತು. ಬಳಿಕ ರೋಗಿಯ ಸೀರಮ್ ಬೆರೆಸಿ, ಮಾನವ ಪ್ರತಿಕಾಯಗಳನ್ನೆಲ್ಲ ತಳಕ್ಕಿಳಿಸಿ, ಆ ಗಷ್ಟಿನಲ್ಲಿ ವಿಕಿರಣ ಎಷ್ಟಿದೆಯೆಂದು ಅಳೆದರೆ ಗ್ರಾಹಕವನ್ನು ಹಿಡಿದ ಪ್ರತಿಕಾಯದ ಪ್ರಮಾಣ ತಿಳಿಯುತ್ತಿತ್ತು. ಲಿಂಡ್‌ಸ್ಟ್ರಮ್ ತಂಡ 1976ರಲ್ಲಿ ಪ್ರಕಟಿಸಿದ ವರದಿಯಂತೆ ರೋಗಿಗಳಲ್ಲಿ ನೂರಕ್ಕೆ 87 ಮಂದಿಯಲ್ಲಿ ಈ ಪ್ರತಿಕಾಯ ಹೆಚ್ಚಿತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ರೋಗಿಗಳ ರಕ್ತದ ಪ್ಲಾಸ್ಮಾವನ್ನು ಬದಲಿಸಿದಾಗ ಅವರ ಬಲ ತಾತ್ಕಾಲಿಕವಾಗಿ ಮರಳಿದ್ದು, ಪ್ರತಿಕಾಯ ಕೇವಲ ಗುರುತಲ್ಲ, ದೌರ್ಬಲ್ಯದ ಕಾರಣವೇ ಎಂಬ ಮಾತಿಗೆ ಒತ್ತಾಸೆಯಾಯಿತು. ಆದರೂ ಪ್ರತಿಕಾಯದ ಮಟ್ಟ ಏರಿದ ರೋಗಿಯೇ ಹೆಚ್ಚು ನರಳುತ್ತಾನೆಂಬ ನಿಯಮವಿರಲಿಲ್ಲ. ಇಂದಿಗೂ ಕಾಗದದ ಮೇಲಿನ ಅಂಕಿಯನ್ನು ನೋಡಿ ಗಾಬರಿಯಾಗುವವರಿಗೆ ಈ ಹಳೆಯ ಅಂಶವನ್ನು ನೆನಪಿಸಬೇಕಾಗುತ್ತದೆ.

ಪರೀಕ್ಷೆಗೆ ಸಿಗದ ಉಳಿದವರ ವಿಷಯ ಕಾಲು ಶತಮಾನ ಕಾಯಿತು. 2001ರಲ್ಲಿ ವರ್ನರ್ ಹಾಕ್, ಆಂಜೆಲಾ ವಿನ್ಸೆಂಟ್ ಮತ್ತಿತರರು ಅಂಥವರಲ್ಲಿ ಹಲವರ ಪ್ರತಿಕಾಯ ಮಸ್ಕ್ ಎಂಬ ಬೇರೊಂದು ಪ್ರೋಟೀನಿನ ಮೇಲೆ ಎರಗುತ್ತದೆಂದು ಕಂಡುಕೊಂಡರು; ಇವರಿಗೆ ರೂಢಿಯ ಮಾತ್ರೆ ಅಷ್ಟಾಗಿ ಹಿಡಿಸದುದರಿಂದ ಈ ಭೇದ ಚಿಕಿತ್ಸೆಗೂ ಮುಖ್ಯವಾಯಿತು. ಇನ್ನೂ ಕೆಲವರ ಪ್ರತಿಕಾಯ, ಗ್ರಾಹಕಗಳು ಸಂಧಿಯಲ್ಲಿರುವಂತೆ ಒತ್ತೊತ್ತಾಗಿ ಗುಂಪುಗೂಡಿದ್ದರೆ ಮಾತ್ರ ಅಂಟುತ್ತದೆ ಎಂಬುದು, ಜೀವಂತ ಕೋಶಗಳಲ್ಲಿ ಗ್ರಾಹಕದ ಜೀನುಗಳನ್ನು ಸೇರಿಸಿ ಅವುಗಳ ಮೇಲೆಯೇ ಸೀರಮ್ಮನ್ನು ಪರೀಕ್ಷಿಸುವ ಆಕ್ಸ್‌ಫರ್ಡಿನ ವಿಧಾನದಿಂದ 2008ರಲ್ಲಿ ಬಯಲಾಯಿತು. ಮಿದುಳಿನ ಎನ್‌ಎಂಡಿಎ ಗ್ರಾಹಕದ ಮೇಲಿನ ಪ್ರತಿಕಾಯದಿಂದ ಬರುವುದೂ ಸೇರಿದಂತೆ, ಮನೋವಿಕಾರವೆಂದು ಭ್ರಮೆ ಹುಟ್ಟಿಸಬಲ್ಲ ಮಿದುಳಿನ ಉರಿಯೂತಗಳನ್ನು ಗುರುತಿಸಲು ಈಗ ಇಂಥ ಕೋಶಾಧಾರಿತ ಪರೀಕ್ಷೆಗಳೇ ಬಳಕೆಯಲ್ಲಿವೆ.