ಹೃದಯಾಘಾತದ ನಂತರ ಕಾರ್ಡಿಯೋಜೆನಿಕ್ ಶಾಕ್: ಔಷಧಿಗಳ ಕೆಲಸವೇನು?

ಹೃದಯಾಘಾತದಿಂದ ಹೃದಯದ ಸ್ನಾಯುವಿಗೆ ತೀವ್ರ ಹಾನಿಯಾದರೆ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲು ಅದಕ್ಕೆ ಆಗುವುದಿಲ್ಲ. ಇದೇ ಕಾರ್ಡಿಯೋಜೆನಿಕ್ ಶಾಕ್. ಸಾಮಾನ್ಯವಾಗಿ ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿಯುತ್ತದೆ. ಕೈಕಾಲು ತಣ್ಣಗಾಗುತ್ತವೆ, ಮೂತ್ರ ಕಡಿಮೆಯಾಗುತ್ತದೆ, ರೋಗಿಗೆ ಮಂಪರು ಅಥವಾ ಗೊಂದಲ ಉಂಟಾಗಬಹುದು.

ಯಾವ ಔಷಧಿ ಕೊಡುತ್ತಾರೆ?
ಐಸಿಯುನಲ್ಲಿ ಔಷಧಿಯನ್ನು ಪಂಪ್ ಮೂಲಕ ರಕ್ತನಾಳಕ್ಕೆ ನಿರಂತರವಾಗಿ ಹರಿಸುತ್ತಾರೆ. ನಾರ್‌ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಗೊಳಿಸಿ ಬಿಪಿ ಏರಿಸುತ್ತದೆ. ಡೊಬುಟಮಿನ್ ಹೃದಯದ ಬಡಿತಕ್ಕೆ ಬಲ ಕೊಡುತ್ತದೆ. ಡೋಪಮಿನ್‌ನಿಂದ ಬಡಿತ ಏರುಪೇರಾಗುವುದು ಹೆಚ್ಚು ಎಂದು 2010ರ ಅಧ್ಯಯನವೊಂದು ತೋರಿಸಿದೆ. ರೋಗಿ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆಗಳನ್ನು ವೈದ್ಯರು ತಾತ್ಕಾಲಿಕವಾಗಿ ನಿಲ್ಲಿಸಬಹುದು.

ಔಷಧಿಯಷ್ಟೇ ಸಾಕೇ?
ಸಾಲದು. ಈ ಔಷಧಿಗಳು ಸಮಯ ಉಳಿಸಿಕೊಡುತ್ತವೆ, ಮುಚ್ಚಿದ ರಕ್ತನಾಳವನ್ನು ತೆರೆಯುವುದಿಲ್ಲ. ಅದಕ್ಕೆ ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಬೇಕು. ಇವನ್ನು ಬೇಗ ಮಾಡಿಸಿಕೊಂಡವರಲ್ಲಿ ಆರು ತಿಂಗಳ ನಂತರ ಬದುಕುಳಿದವರು ಹೆಚ್ಚು ಎಂದು 1999ರ ‘ಶಾಕ್’ ಅಧ್ಯಯನ ತಿಳಿಸಿತು.

ನೀವು ಏನು ಮಾಡಬೇಕು?
ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯಲ್ಲಿರುವವರು 24 ಗಂಟೆ ಕ್ಯಾತ್‌ಲ್ಯಾಬ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಈಗಲೇ ತಿಳಿದಿಟ್ಟುಕೊಳ್ಳಿ. ಎದೆನೋವು ಬಂದರೆ ಲೋಕಲ್ ರೈಲಿಗೆ ಕಾಯದೆ 108ಕ್ಕೆ ಕರೆ ಮಾಡಿ. ರೋಗಿಯನ್ನು ಬೇರೆ ಆಸ್ಪತ್ರೆಗೆ ಸಾಗಿಸಬೇಕಾದರೆ, ದಾರಿಯಲ್ಲೂ ಔಷಧಿಯ ಪಂಪ್ ಮತ್ತು ಮಾನಿಟರ್ ನಡೆಯುತ್ತಿರುತ್ತವೆಯೇ, ಜೊತೆಗೆ ವೈದ್ಯರು ಬರುತ್ತಾರೆಯೇ ಎಂದು ಕೇಳಿ. ರೋಗಿಯ ಮಾತ್ರೆಗಳ ಚೀಟಿ ಮತ್ತು ಇಸಿಜಿ ನಿಮ್ಮ ಕೈಯಲ್ಲಿರಲಿ.