ತುರ್ತು ಪರಿಸ್ಥಿತಿಯಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆ

1975ರ ಜೂನ್ 25ರ ರಾತ್ರಿ ಜಾರಿಗೆ ಬಂದ ತುರ್ತು ಪರಿಸ್ಥಿತಿ 1977ರ ಮಾರ್ಚ್ 21ರವರೆಗೆ ನಡೆಯಿತು. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು; ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿನ ಊರು; ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು.  ಆ ಅವಧಿಯಲ್ಲಿ ಆಂತರಿಕ ಭದ್ರತೆಯ ಮೀಸಾ ಕಾಯ್ದೆಯಡಿ ವಿಚಾರಣೆಯಿಲ್ಲದೆ ಜೈಲಿಗೆ ಕಳಿಸುವುದು ಸರ್ಕಾರಕ್ಕೆ ಸುಲಭವಾಗಿತ್ತು. ಹಾಗೆ ಒಳಗಾದವರಿಗೆ ಹೈಕೋರ್ಟಿನ ಮೊರೆ ಹೋಗುವ ಹಕ್ಕೂ ಇಲ್ಲವೆಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟೇ ತೀರ್ಪಿತ್ತಿತು.

ಈ ಭಾಗದಿಂದ ಜೈಲು ಕಂಡವರಲ್ಲಿ ಪ್ರಮುಖರು ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲ್. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿದ್ದ ಸಮಾಜವಾದಿ ಅವರು.

ಜೈಲಿನ ಹೊರಗಿದ್ದವರಿಗೆ ಇಂಥ ಬಂಧನಗಳ ವಿವರ ತಿಳಿಯುವ ದಾರಿ ಕಿರಿದಾಗಿತ್ತು. ಪತ್ರಿಕೆಗಳು ಸೆನ್ಸಾರ್ ದಾಟಿ ಬರಬೇಕಿತ್ತು. ಆಕಾಶವಾಣಿ ಹೇಗೂ ಸರ್ಕಾರದ್ದೇ. ರೇಡಿಯೊದಲ್ಲಿ ಬಂದದ್ದು ಹೆಚ್ಚಾಗಿ ಭೂಸುಧಾರಣೆ, ಸಾಲಮನ್ನಾ ಮೊದಲಾದವನ್ನು ಒಳಗೊಂಡ, ಕೇಂದ್ರ ಸರ್ಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಮಾತು.

ಆ ಕಾರ್ಯಕ್ರಮವೆಲ್ಲ ಬರೀ ಪ್ರಚಾರವಾಗಿರಲಿಲ್ಲ. ಈ ಸೀಮೆಯ ಇತಿಹಾಸ ತೊಡಕಾಗುವುದು ಇಲ್ಲೇ. ಮುಖ್ಯಮಂತ್ರಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದಲೇ ಜಾರಿಯಲ್ಲಿತ್ತು. ಗೇಣಿದಾರರು ಏಳನೇ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತದ್ದು ಈ ವರ್ಷಗಳಲ್ಲೇ. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಒಡೆಯನೆದುರು ಗೇಣಿದಾರ ತಾನೇ ಬಾಯಿಬಿಟ್ಟು ಹೇಳಿಕೊಳ್ಳಬೇಕಾಗಿದ್ದ ಆ ಗಳಿಗೆ ಎಷ್ಟೋ ಮನೆತನಗಳ ಪಾಲಿಗೆ ದೆಹಲಿಯ ಘೋಷಣೆಗಿಂತ ದೊಡ್ಡದು. 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರು, ಕೂಲಿಗಳು ಮಾಡಿದ್ದ ಸಾಲ ಮನ್ನಾ ಮಾಡಿ, ಗಿರವಿಯಿಟ್ಟ ಸಾಮಾನು ಹಿಂದಿರುಗಿಸಬೇಕೆಂದಿತು. ಭದ್ರಾ ನಾಲೆಯ ನೀರು ಕಂಡ ಚನ್ನಗಿರಿಯ ಗದ್ದೆ ಬಯಲಿಗಿಂತ ಮಳೆ ನೆಚ್ಚಿದ ಜಗಳೂರಿನಂಥ ಕಡೆ ಸಾಲದ ಮಾತಿಗೆ ತೂಕ ಹೆಚ್ಚು. ‘ಉಳುವವನೇ ಹೊಲದೊಡೆಯ’ ಎಂದು ಕಾಗೋಡಿನ ಗೇಣಿದಾರರ ಸತ್ಯಾಗ್ರಹದ ಕಾಲದಿಂದ ಕೂಗುತ್ತ ಬಂದವರು ಸಮಾಜವಾದಿಗಳು. ಆ ಬೇಡಿಕೆ ಕೈಗೂಡುವ ಹೊತ್ತಿಗೆ ಅವರಲ್ಲಿ ಕೆಲವರು ಸೆರೆಮನೆಯಲ್ಲಿದ್ದರು.

ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿ ಮುಟ್ಟಿಸುವ ಒತ್ತಡವೂ ಅದೇ ಕಾಲದ್ದು. 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿಗೆ ಈ ‘ಆಪರೇಷನ್’ ಆಯಿತು. ಬಲಾತ್ಕಾರದ ಕುಖ್ಯಾತಿ ಹೆಚ್ಚಾಗಿ ಉತ್ತರ ಭಾರತಕ್ಕೆ ಅಂಟಿಕೊಂಡಿತು.

1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರದಲ್ಲಿ ಕಾಂಗ್ರೆಸ್ ನೆಲಕಚ್ಚಿದರೆ, ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಗೆದ್ದಿತು. ಶಿವಮೊಗ್ಗ, ಚಿತ್ರದುರ್ಗ ಎರಡೂ ಅದರ ಪಾಲಾದವು. ಮರುವರ್ಷದ ವಿಧಾನಸಭಾ ಚುನಾವಣೆಯಲ್ಲಿ ಅರಸು ಮತ್ತೆ ಅಧಿಕಾರ ಹಿಡಿದರು. ಚನ್ನಗಿರಿ ಮಾತ್ರ ಜನತಾ ಪಕ್ಷದ ಪಟೇಲರನ್ನು ಗೆಲ್ಲಿಸಿತು.