ಎರಡು ಬಾಗಿಲಿನ ವೈಭವ: ಟೆಕ್ಸಸ್‌ನಲ್ಲಿ ಎಂಬತ್ತರ ದಶಕದ ಕೂಪೆ ಕಾರುಗಳು

ಎರಡೇ ಬಾಗಿಲು, ಉದ್ದನೆಯ ಬಾನೆಟ್, ಮೆತ್ತನೆಯ ಆಸನ, ಕುಲುಕಾಟವಿಲ್ಲದ ಓಟ: ಅಮೆರಿಕದಲ್ಲಿ ‘ಪರ್ಸನಲ್ ಲಕ್ಷುರಿ ಕೂಪೆ’ ಎನಿಸಿಕೊಂಡ ಕಾರಿನ ಲಕ್ಷಣಗಳಿವು. ವೇಗದ ಪೈಪೋಟಿಗಿಂತಲೂ ದೊಡ್ಡ ಸಂಸಾರದ ಅನುಕೂಲಕ್ಕಿಂತಲೂ ಓಡಿಸುವವನ ಸುಖವೇ ಇಲ್ಲಿ ಮುಖ್ಯ. 1958ರಲ್ಲಿ ಫೋರ್ಡ್ ಥಂಡರ್‌ಬರ್ಡ್ ನಾಲ್ಕು ಆಸನಗಳ ರೂಪ ತಾಳಿದಾಗ ಈ ವರ್ಗಕ್ಕೆ ಸ್ಪಷ್ಟ ಆಕಾರ ದೊರೆಯಿತು. 1963ರ ಬ್ಯೂಕ್ ರಿವಿಯೇರಾ, 1970ರ ಷೆವ್ರೊಲೆ ಮಾಂಟೆ ಕಾರ್ಲೊ ಅದನ್ನು ಬೆಳೆಸಿದವು.

ಎಂಬತ್ತರ ದಶಕದ ಆರಂಭದ ಮಾದರಿಗಳು ಇಕ್ಕಟ್ಟಿನ ಕಾಲದಲ್ಲಿ ಹುಟ್ಟಿದವು. ತೈಲ ಬಿಕ್ಕಟ್ಟಿನ ಬಳಿಕ ಬಂದ 1975ರ ಕಾನೂನು, ಪ್ರತಿ ತಯಾರಕರ ಕಾರುಗಳು ಸರಾಸರಿಯಾಗಿ ಗ್ಯಾಲನ್ನಿಗೆ 1978ರಲ್ಲಿ 18 ಮೈಲಿ, 1985ರಲ್ಲಿ 27.5 ಮೈಲಿ ಓಡಬೇಕೆಂದು ವಿಧಿಸಿತು. ಕಾರುಗಳ ಗಾತ್ರವೂ ಇಂಜಿನುಗಳ ಶಕ್ತಿಯೂ ಕುಗ್ಗಿದವು. 1981ರ ಕ್ಯಾಡಿಲಾಕ್, ಅಗತ್ಯಕ್ಕೆ ತಕ್ಕಂತೆ ಎಂಟು, ಆರು ಅಥವಾ ನಾಲ್ಕು ಸಿಲಿಂಡರುಗಳಲ್ಲಿ ಓಡುವ ಇಂಜಿನನ್ನು ತಂದಿತು. ಅದನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ಸ್ ಇನ್ನೂ ಪಕ್ವವಾಗಿರಲಿಲ್ಲ. ಓಲ್ಡ್ಸ್‌ಮೊಬೈಲ್‌ನ 5.7 ಲೀಟರ್ ಡೀಸೆಲ್ ಇಂಜಿನ್, ಹೆಡ್ ಬೋಲ್ಟುಗಳು ಒತ್ತಡ ತಾಳದೆ ಹೆಸರು ಕೆಡಿಸಿಕೊಂಡಿತು. ಇಷ್ಟಾದರೂ ಪೆಟ್ರೋಲಿನ ಕಟ್ಲಸ್ ಸುಪ್ರೀಂ, ಬ್ಯೂಕ್ ರೀಗಲ್, ಪಾಂಟಿಯಾಕ್ ಗ್ರಾನ್ ಪ್ರೀ ಮಧ್ಯಮವರ್ಗದ ಅಂಗಳಗಳನ್ನು ತುಂಬಿದವು.

ಈ ಕಥೆಯಲ್ಲಿ ಡಾಲಸ್ ಪ್ರದೇಶ ಬರಿಯ ಮಾರುಕಟ್ಟೆಯಲ್ಲ. ಡಾಲಸ್ ಮತ್ತು ಫೋರ್ಟ್ ವರ್ತ್ ನಡುವಿನ ಆರ್ಲಿಂಗ್ಟನ್‌ನಲ್ಲಿ 1954ರಲ್ಲಿ ಆರಂಭವಾದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕಟ್ಲಸ್ ಸುಪ್ರೀಂ, ಮಾಂಟೆ ಕಾರ್ಲೊಗಳು ತಯಾರಾದವು. 1981ರಿಂದ ಕಾರಿನ ಗುರುತುಸಂಖ್ಯೆಗೆ 17 ಸ್ಥಾನಗಳು. ಹನ್ನೊಂದನೆಯದರಲ್ಲಿ ‘ಆರ್’ ಅಕ್ಷರವಿದ್ದರೆ ಆ ಕಾರು ಅಲ್ಲಿಯದು.

ಹ್ಯೂಸ್ಟನ್‌ನಲ್ಲಿ ಇವುಗಳಿಗೆ ಎರಡನೆಯ ಜನ್ಮವೇ ದೊರೆಯಿತು. ಅಲ್ಲಿನ ಕಪ್ಪು ಸಮುದಾಯದ ಯುವಕರು ‘ಸ್ಲ್ಯಾಬ್’ ಪರಂಪರೆಯನ್ನು ಕಟ್ಟಿದರು: ಮಿಠಾಯಿಯಂತೆ ಹೊಳೆಯುವ ಬಣ್ಣ, ಹೊರಚಾಚಿದ ತಂತಿಚಕ್ರ, ನಿಧಾನದ ಸವಾರಿ, ಎದೆ ನಡುಗಿಸುವ ಸಂಗೀತ. ಆ ಚಕ್ರಗಳ ಮೂಲ 1983 ಮತ್ತು 1984ರ ಕ್ಯಾಡಿಲಾಕ್‌ಗಳಲ್ಲಿದೆ. ಆದುದರಿಂದಲೇ ‘84’ ಎಂಬ ಅಂಕೆ ಅಲ್ಲಿನ ರ್‍ಯಾಪ್ ಗೀತೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಪೂರ್ವ ಆಸ್ಟಿನ್‌ನಲ್ಲಿ ಮೆಕ್ಸಿಕನ್ ಅಮೆರಿಕನ್ನರ ಲೋರೈಡರ್ ಸಂಪ್ರದಾಯ ಇಂಥ ಕಾರುಗಳನ್ನು ನೆಲಮಟ್ಟಕ್ಕೆ ಇಳಿಸಿ ಉಳಿಸಿಕೊಂಡಿತು.

ಆ ವರ್ಷಗಳಲ್ಲಿ ಕರ್ನಾಟಕದಿಂದ ಬಂದವರಿಗೆ ಕಾರೆಂದರೆ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ. ಎಷ್ಟು ಜನ ಹಿಡಿಸುತ್ತಾರೆ ಎಂಬುದೇ ಅದರ ಅಳತೆ. ಹಿಂದೆ ಕೂರುವವರು ಮುಂದಿನ ಆಸನ ಮಡಚಿ ನುಸುಳಬೇಕಾದ ಕಾರು ಒಂಟಿ ವಿದ್ಯಾರ್ಥಿಗೆ ಒಗ್ಗೀತೇ ಹೊರತು, ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವ ಸಂಸಾರಸ್ಥನಿಗಲ್ಲ.

ಇಂದು ಇವನ್ನು ಕೊಳ್ಳುವವರು ಮೊದಲು ಗಮನಿಸಬೇಕಾದದ್ದು ವಿನೈಲ್ ಹೊದಿಕೆಯ ಛಾವಣಿ. ಬಿಸಿಲಿಗೆ ಅದು ಸೀಳಿ, ಒಳಗೆ ನಿಂತ ನೀರು ತಗಡನ್ನು ತಿನ್ನುತ್ತದೆ. ಡ್ಯಾಶ್‌ಬೋರ್ಡ್ ಬಿರುಕು ಬಿಡುತ್ತದೆ, ಬಂಪರಿನ ಪ್ಲಾಸ್ಟಿಕ್ ತುಂಡುಗಳು ಪುಡಿಯಾಗುತ್ತವೆ. ಟೆಕ್ಸಸ್‌ನಲ್ಲಿ 25 ವರ್ಷ ದಾಟಿದ ಕಾರಿಗೆ ಪುರಾತನ ವಾಹನದ ಫಲಕ ಸಿಗುತ್ತದೆ; ಆದರೆ ಆ ಫಲಕ ಪ್ರದರ್ಶನ, ಮೆರವಣಿಗೆ, ಸಂಘದ ಚಟುವಟಿಕೆಗಳಿಗೆ ಮೀಸಲು, ದಿನನಿತ್ಯದ ಓಡಾಟಕ್ಕಲ್ಲ.

ಅಪರೂಪದ ಕಾರುಗಳನ್ನು ಸಂಗ್ರಹಕಾರರು ಕಾಯುತ್ತಾರೆ. ಎಲ್ಲರ ಮನೆಯಲ್ಲೂ ಇದ್ದವುಗಳನ್ನು ಕಾಯುವವರು ಕಡಿಮೆ. ಆದುದರಿಂದ ಹಳೆಯ ಆಲ್ಬಮ್ಮಿನಲ್ಲಿ ಇಂಥ ಕಾರಿನ ಚಿತ್ರವಿದ್ದರೆ ಅದರ ಹಿಂಬದಿಯಲ್ಲಿ ಮಾದರಿ, ವರ್ಷ, ಊರುಗಳನ್ನು ಬರೆದಿಡುವುದು ಒಳಿತು. ವಲಸೆಯ ಚರಿತ್ರೆಗೆ ಅದೂ ಒಂದು ದಾಖಲೆ.